ಗೋಡೆಗೆ ಮ್ಯಾಚಿಂಗ್ ಆದ ವೈರು

ಕರೆಂಟು ಹೋದರೆ ಟೇಲರ್ ಅಂಗಡಿಯಲ್ಲಿ ಕೆಲಸ ನಿಂತಂತೆಯೇ. ಸೂಜಿಯ ತುದಿಯೇ ಕಾಣದಿದ್ದರೆ ಹೊಲಿಯುವುದೇನನ್ನು? ಅದಕ್ಕೇ ನಮ್ಮ ಬೀದಿಯ ಟೇಲರ್ ಒಂದು ಬ್ಯಾಟರಿ ತಂದ. ಹೊಲಿಗೆ ಮಿಷಿನ್ನಿನ ಮೇಲೊಂದು, ಹೆಂಡತಿ ಕೂರುವ ಮಣೆಯ ಮೇಲೊಂದು, ಹನ್ನೆರಡು ವೋಲ್ಟಿನ ಪುಟ್ಟ ಬಲ್ಬು ಹಾಕಿಸಬೇಕೆಂದುಕೊಂಡ. ಕಾಜಾ, ಗುಂಡಿ, ಹುಕ್ಕು ಎಲ್ಲ ಹೆಂಡತಿಯ ಕೈಯದು.

ವೈರಿಂಗಿಗೆ ಬಂದವಳು ಹೆಂಡತಿಯ ತಂಗಿ, ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್. ಅವಳ ಚೀಲದಿಂದ ಕೆಂಪು, ಕಪ್ಪು, ಹಸಿರು ಸುರುಳಿಗಳು ಹೊರಬಿದ್ದಾಗ ಟೇಲರ್ ಮೂಗು ಮುರಿದ. ಆ ವಾರವಷ್ಟೇ ಅಂಗಡಿಯ ಗೋಡೆಗೆ ಕೆನೆ ಬಣ್ಣ ಬಳಿಸಿದ್ದ.

"ಏನಮ್ಮಾ ನಾದಿನಿ, ಅಂಗಡಿಗೆ ವೈರು ಎಳೀತೀಯೋ, ಜೋಕರ್‌ಗೆ ಅಂಗಿ ಹೊಲೀತೀಯೋ?"

"ಭಾವ, ಕೆಂಪು ಕರೆಂಟು ಬರೋದು, ಕಪ್ಪು ವಾಪಸ್ ಹೋಗೋದು, ಹಸಿರು ಭೂಮಿಗೆ. ಬ್ಯಾಟರಿಗೂ ಕೆಂಪು-ಕಪ್ಪೇ ಬರುತ್ತೆ. ಅದಕ್ಕೇ ಅದನ್ನ ಬೇರೆ ಪೈಪಲ್ಲಿ ಎಳೆದು, ತುದಿತುದಿಗೂ 'ಹನ್ನೆರಡು ವೋಲ್ಟ್' ಅಂತ ಚೀಟಿ ಅಂಟಿಸ್ತೀನಿ."

ಟೇಲರ್ ದನಿ ತೆಳ್ಳಗೆ ಮಾಡಿ, ಅವಳಂತೆಯೇ ಕೈ ತಿರುಗಿಸಿದ. "'ಕೆಂಪು ಬರೋದೂ, ಕಪ್ಪು ಹೋಗೋದೂ...' ಅಲ್ಲಮ್ಮಾ, ಕರೆಂಟಿಗೇನು ಕಣ್ಣಿದೆಯಾ, ಬಣ್ಣ ನೋಡ್ಕೊಂಡು ಓಡಾಡೋಕೆ?"

"ಕರೆಂಟಿಗಿಲ್ಲ ಭಾವ. ನಿಮಗಿದೆಯಲ್ಲ, ಅದಕ್ಕೇ."

ಹೆಂಡತಿ ಕಿಸಕ್ಕನೆ ನಕ್ಕಳು. ಅಲ್ಲಿಗೆ ಟೇಲರ್‌ಗೆ ಕೋಪ ನೆತ್ತಿಗೇರಿತು. ನಾದಿನಿಯನ್ನು ವಾಪಸ್ ಕಳಿಸಿದ. ಮರುದಿನ ಕೈಗೆ ಸಿಕ್ಕವನೊಬ್ಬನನ್ನು ಹಿಡಿದು, ಗೋಡೆಗೆ ಒಪ್ಪುವ ಕೆನೆ ಬಣ್ಣದ ವೈರನ್ನೇ ಎಲ್ಲದಕ್ಕೂ ಎಳೆಸಿದ. ಇಸ್ತ್ರಿ ಪೆಟ್ಟಿಗೆಯ ಇನ್ನೂರ ಮೂವತ್ತು ವೋಲ್ಟಿಗೂ ಅದೇ, ಬಲ್ಬಿನ ಹನ್ನೆರಡು ವೋಲ್ಟಿಗೂ ಅದೇ. ಎರಡೂ ಅಕ್ಕಪಕ್ಕ, ಗೋಡೆಯ ಮೇಲೆ ಗೋಡೆಯದೇ ಬಣ್ಣವಾಗಿ.

"ಹೊಲಿಗೆ ಕಣ್ಣಿಗೆ ಬೀಳಬಾರದು ಕಣೇ. ಕಸುಬು ಅಂದ್ರೆ ಅದು!" ಎಂದು ಹೆಂಡತಿಯ ಮುಂದೆ ಬೀಗಿದ.

ಬಲ್ಬಿನ ವೈರು ವಾರಕ್ಕೊಮ್ಮೆ ಸಡಿಲವಾಗುತ್ತಿತ್ತು. ಹೆಂಡತಿ ಟೇಪು ಬಿಚ್ಚಿ, ವೈರು ಹೊಸೆದು, ಮತ್ತೆ ಸುತ್ತುತ್ತಿದ್ದಳು. "ಬ್ಯಾಟರಿ ಲೈನು ತಾನೆ, ಕಚಗುಳಿ ಕೂಡ ಇಡಲ್ಲ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬಲ್ಬು ಮತ್ತೆ ಆರಿತು; ಅವಳು ಏಳುವಷ್ಟರಲ್ಲಿ ಹೋಗಿದ್ದ ಕರೆಂಟು ವಾಪಸ್ ಬಂದಿತ್ತು. ಅವಳು ಬಿಚ್ಚಿದ್ದು ಪಕ್ಕದ ಟೇಪು, ಇಸ್ತ್ರಿ ಪೆಟ್ಟಿಗೆಯದು. ಬರಿಯ ಎಳೆಗಳೆರಡನ್ನೂ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದಳು. ಕೂಗಲೂ ದನಿ ಬರಲಿಲ್ಲ. ಟೇಲರ್ ಓಡಿಹೋಗಿ ಮೇನ್ ಇಳಿಸಿದ್ದರಿಂದ ಜೀವ ಉಳಿಯಿತು. ಬೆರಳೆರಡೂ ಸುಟ್ಟು, ಕಡ್ಡಿಯ ಹಾಗೆ ಸೆಟೆದು ನಿಂತವು.

ಆಸ್ಪತ್ರೆಗೆ ಓಡಿ ಬಂದ ನಾದಿನಿ ಅಕ್ಕನ ಪಟ್ಟಿ ಕಟ್ಟಿದ ಕೈಯ ಪಕ್ಕ ಕೂತಳು. ಟೇಲರ್‌ಗೆ ಅದನ್ನು ತಡೆಯಲಾಗಲಿಲ್ಲ.

"ಬೈದುಬಿಡಮ್ಮಾ, ನಾಲ್ಕು ಮಾತು."

"ಬೈದ್ರೆ ಅಕ್ಕನ ಬೆರಳು ಮಡಚುತ್ತಾ ಭಾವ?"

ಮುಂದಿನ ವಾರ ಅವಳು ಕೆನೆ ವೈರನ್ನೆಲ್ಲ ಕಿತ್ತು, ಲೈನಿಗೊಂದು ಪೈಪು, ಕೆಲಸಕ್ಕೊಂದು ಬಣ್ಣ, ತುದಿಗೊಂದು ಚೀಟಿ ಹಾಕಿದಳು. ಮೇನ್ ಬೋರ್ಡಿನ ಬಾಗಿಲಿಗೆ ಪಟ್ಟಿ ಬರೆದು ಅಂಟಿಸಿದಳು. ಟೇಲರ್ ಏಣಿ ಹಿಡಿದು ನಿಂತು, ಒಂದೊಂದು ವೈರನ್ನೂ "ಇದು ಯಾವುದಮ್ಮಾ? ಇದು ಎಷ್ಟು ವೋಲ್ಟು?" ಎಂದು ಕೇಳಿ ಕಲಿತ. ಕಲಿಯುವುದು ಅಷ್ಟು ಸುಲಭವಾಗಿತ್ತು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಈಗ ದಿನಾ ಬೆಳಿಗ್ಗೆ ಹೆಂಡತಿಯ ಜಡೆ ಹೆಣೆಯುವವನು ಅವನೇ. ತಡವರಿಸುತ್ತಾನೆ. "ನಿಧಾನ, ಸಿಕ್ಕಾಯ್ತು" ಎನ್ನುತ್ತಾಳೆ ಅವಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ದಿನಾ ಅನ್ನಿಸುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆ ಕೆಳಗಿಟ್ಟು ನಿಮ್ಮ ಮೇನ್ ಬೋರ್ಡಿನ ಮುಂದೆ ಹೋಗಿ ನಿಲ್ಲಿ. ಯಾವ ಬಣ್ಣ ಯಾವ ಲೈನು ಎಂದು ಅಲ್ಲಿ ಬರೆದಿದೆಯೇ? ಇಲ್ಲವಾದರೆ ಲೈಸೆನ್ಸು ಇರುವವರನ್ನೇ ಕರೆಸಿ, ನಿಮ್ಮ ಊರಿನ ನಿಯಮದಂತೆ ಬಣ್ಣ ಹಾಕಿಸಿ, ಬರೆಸಿ. ಬ್ಯಾಟರಿ, ಸೋಲಾರ್, ಮನೆಯ ಕರೆಂಟು, ಮೂರು ಫೇಸು, ಒಂದೊಂದಕ್ಕೂ ಬೇರೆ ಪೈಪು, ಬೇರೆ ಗುರುತು ಇರಲಿ. ಹಸಿರು ವೈರು ಅರ್ಥಿಂಗಿಗೆ ಮಾತ್ರ. ಬಣ್ಣ ಸರಿಯಿದೆ ಎಂದುಕೊಂಡೂ ಕೈ ಹಾಕಬೇಡಿ. ಮೊದಲು ಮೇನ್ ಇಳಿಸಿ, ಆಮೇಲೆ ಬಲ್ಲವರನ್ನು ಕರೆಯಿರಿ. ವೈರು ಚಂದ ಕಾಣಲಿಲ್ಲವೆಂದು ಈವರೆಗೆ ಯಾರೂ ಆಸ್ಪತ್ರೆ ಸೇರಿಲ್ಲ.