ಹಗುರವಾದ ಡಬ್ಬಿ

ಸೆಬು ಪಟ್ಟಣದಿಂದ ತಮ್ಮ ಅರ್ನೆಲ್ ಬರುವ ದೋಣಿಗಾಗಿ ಸಾಂತೋ ಬೆಳಗಿನಿಂದ ಕಿಟಕಿಯ ಕೆಳಗೆ ಚಾಪೆ ಹಾಕಿಸಿಕೊಂಡು ಮಲಗಿದ್ದ. ಆ ಕಿಟಕಿಯಿಂದ ಕಡಲು ಕಾಣುವುದಿಲ್ಲ. ಬಿದಿರಿನ ಹಂದರದ ಮೇಲೆ ಒಣಗಲು ಹಾಕಿದ ಮೀನು, ಅದರಾಚೆ ಪಕ್ಕದ ಮನೆಯ ತಗಡಿನ ಸೂರು, ಅಷ್ಟೆ. ಆದರೆ ಇಂಜಿನ್ನಿನ ಸದ್ದು ಕೇಳುತ್ತದೆ, ಮತ್ತು ಯಾವ ಸದ್ದು ಯಾರ ದೋಣಿಯದೆಂದು ದ್ವೀಪದಲ್ಲಿ ಎಲ್ಲರಿಗೂ ಗೊತ್ತು.

ಸೊಂಟದಿಂದ ಕೆಳಗಿನ ಮೈ ಅವನ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅಲ್ಲಿನ ಗಂಡಸರು ಸಮುದ್ರಸೌತೆ ಎಂಬ, ಒಣಗಿಸಿ ಮಾರುವ ಕಡಲಜೀವಿಯನ್ನು ಹೆಕ್ಕಲು ಮುಳುಗುವುದು ಕಂಪ್ರೆಸರ್ ನಂಬಿಕೊಂಡು. ಟಯರಿಗೆ ಗಾಳಿ ತುಂಬುವಂಥ ಯಂತ್ರ ದೋಣಿಯ ಮೇಲೆ, ಅದರಿಂದ ಇಳಿಬಿಟ್ಟ ಹಳದಿ ಕೊಳವೆಯ ತುದಿ ಹಲ್ಲಿನ ನಡುವೆ. ಆ ದಿನ ಕೊಳವೆಯಲ್ಲಿ ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಅಷ್ಟು ಆಳದಿಂದ ಒಮ್ಮೆಗೇ ಮೇಲೆದ್ದಾಗ ರಕ್ತದಲ್ಲಿ ಗಾಳಿಗುಳ್ಳೆ ಕಟ್ಟಿ ಸಾಂತೋನ ಕಾಲುಗಳು ಸಂಜೆಯ ಹೊತ್ತಿಗೆ ಸತ್ತಿದ್ದವು. ದೋಣಿಯಲ್ಲಿ ಯಂತ್ರ ಕಾಯುತ್ತಿದ್ದವನು ತಮ್ಮ ಅರ್ನೆಲ್. ಯಂತ್ರದ ಬೆಲ್ಟ್ ಸವೆದದ್ದು ಅವನಿಗೆ ಗೊತ್ತಿತ್ತು. ಇನ್ನೊಂದು ದಿನ ತಡೆದೀತು ಅಂದುಕೊಂಡಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತದೆ ಇದ್ದುದರಿಂದಲೇ ಅದು ನಡುಮನೆಯಲ್ಲಿ ಕೂತುಬಿಟ್ಟಿತ್ತು.

ನಾಣ್ಯ ಹಾಕಿ ಕಂಪ್ಯೂಟರಿನಲ್ಲಿ ಗೇಮ್ ಆಡುವ ಅಂಗಡಿ ಬೆರ್ತೋಲ್ದೊ ಎಂಬವನದು. ಅರ್ನೆಲ್ ಅಣ್ಣನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ಒಯ್ಯುತ್ತಿದ್ದ. ಸಾಂತೋನ ಬೆರಳುಗಳಲ್ಲಿ ಏನೋ ಇತ್ತು. ಮನಿಲಾದ ಶ್ರೀಮಂತರ ಮಕ್ಕಳು ತಮ್ಮ ಗೇಮಿನ ಖಾತೆಯನ್ನೇ ಅವನ ಕೈಗೆ ಕೊಟ್ಟು, ತಮ್ಮ ಹೆಸರಲ್ಲಿ ಆಡಿಸಿ, ಮೇಲಿನ ದರ್ಜೆಗೆ ಏರಿಸಿಕೊಂಡು ದುಡ್ಡು ಕಳಿಸುತ್ತಿದ್ದರು.

"ನಿಂದೇ ಒಂದು ಕಂಪ್ಯೂಟರ್ ಮಾಡ್ಕೊ ಮಾರಾಯ," ಅಂದಿದ್ದ ಬೆರ್ತೋಲ್ದೊ. "ನನ್ನ ಮೆಟ್ಲು ಹತ್ತೋದ್ರಲ್ಲಿ ನಿನ್ನ ತಮ್ಮನ ಸೊಂಟಾನೂ ಹೋದ್ರೆ ಇಬ್ರನ್ನೂ ಹೊರೋರ್ಯಾರು? ಗಿರಾಕಿಗಳ್ನ ನಾನು ಕಳಿಸ್ತೀನಿ."

ಸಾಂತೋನ ಹೆಂಡತಿ ಜೊವೆಲಿನ್‌ಗೆ ಆಗಲೇ ಕುವೈತಿನ ಮನೆಗೆಲಸಕ್ಕೆ ಹೆಂಗಸರನ್ನು ಕಳಿಸುವ ಏಜೆಂಟನ ಕರೆ ಬರುತ್ತಿತ್ತು. ಅವಳು ಕೂಗಾಡುವವಳಲ್ಲ. "ಈಸ್ಟರ್ ತನಕ ನೋಡ್ತೀನಿ," ಅಂದಳು. "ಅಷ್ಟರಲ್ಲಿ ನಿನ್ನ ಕೈಗೆ ದುಡಿಮೆ ಹತ್ತಿದ್ರೆ ಉಳೀತೀನಿ, ಇಲ್ಲಾಂದ್ರೆ ಕುವೈತಿಗೆ ಹೋಗ್ತೀನಿ."

ಕಂಪ್ರೆಸರನ್ನು ಮಾರಿದರು. ಸಾಂತೋ ಒಡೆದ ಫೋನಿನಲ್ಲಿ ಕಂಪ್ಯೂಟರಿನ ಬಿಡಿಭಾಗಗಳನ್ನು ಆರಿಸುತ್ತ ಕೂತ. ಪ್ರೊಸೆಸರ್ ಇದಾದರೆ ಮದರ್‌ಬೋರ್ಡ್ ಅದು, ಅದಾದರೆ ಪೆಟ್ಟಿಗೆ ಸಾಲದು. ಒಂದನ್ನು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುವ ಹಳೆಯ ಬಲೆಯ ಹಾಗೆ. ಅರ್ನೆಲ್ ಪಕ್ಕದಲ್ಲಿ ಕೂತು ನೋಡುತ್ತಿದ್ದ.

"ಗ್ರಾಫಿಕ್ಸ್ ಕಾರ್ಡು ಒಂಚೂರು ದೊಡ್ಡದು ತಗೊಳಣ್ಣ. ಆಟ ಎಣ್ಣೆ ಹಚ್ಚಿದಂಗೆ ಜಾರತ್ತಂತೆ."

"ಚಿಕ್ಕದೇ ಸಾಕು. ಯಾರೋ ಬಳಸಿ ಬಿಟ್ಟಿದ್ದಾದ್ರೂ ತಾ, ಗೀಚಿದ ಪೆಟ್ಟಿಗೆಯಾದ್ರೂ ತಾ. ಪವರ್ ಸಪ್ಲೈ ಮಾತ್ರ ನಾನು ಹೇಳಿದ್ದೇ ಆಗ್ಬೇಕು. ನಮ್ಮೂರ ಕರೆಂಟು ಹುಚ್ಚುನಾಯಿ ಕಣೋ. ಒಳಗಿರೋದಕ್ಕೆಲ್ಲ ಉಸಿರು ಅಲ್ಲಿಂದ್ಲೇ ಹೋಗೋದು."

ಅರ್ನೆಲ್ ತಲೆ ತಗ್ಗಿಸಿದ. ಉಸಿರು ಎಂಬ ಆ ಒಂದು ಮಾತನ್ನು ವಾಪಸ್ಸು ತೆಗೆದುಕೊಳ್ಳುವಂತಿದ್ದರೆ ಎಂದು ಸಾಂತೋಗೆ ಅನಿಸಿತು.

ಬಿಡಿಭಾಗಗಳ ಪಟ್ಟಿ ಹಿಡಿದು ಅರ್ನೆಲ್ ಸೆಬುವಿಗೆ ಹೊರಟ. ಪಟ್ಟಣಕ್ಕೆ ಹೋಗುವವನ ಹತ್ತಿರ ಊರೇ ಸಾಮಾನು ಹೇಳಿಕಳಿಸುವುದು ಅಲ್ಲಿನ ರೂಢಿ. ಹೇಳಿದ್ದಕ್ಕಿಂತ ತುಸು ಚೆಂದದ್ದನ್ನು ತಂದು ಮುಂದಿಟ್ಟರೆ ತಂದವನಿಗೆ ಮರ್ಯಾದೆ. ಸಾಂತೋ ಕಾಯುತ್ತಿದ್ದ ಆ ದಿನ ಮಧ್ಯಾಹ್ನ ದೋಣಿ ಬಂತು. ಅರ್ನೆಲ್ ಯಾರಿಗೋ ಮಾತ್ರೆ, ಯಾರಿಗೋ ತಲೆಗೆ ಹಚ್ಚುವ ಕಪ್ಪು ಬಣ್ಣ ಹಂಚಿ, ಕೊನೆಗೆ ಅಣ್ಣನ ಚಾಪೆಯ ಮೇಲೆ ಒಂದೊಂದೇ ಡಬ್ಬಿ ಇಟ್ಟ. ಗಾಜಿನ ಪಕ್ಕೆಯ, ಬಣ್ಣದ ದೀಪ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆಯನ್ನು ನೋಡಿ ಪಕ್ಕದ ಮನೆಯ ಪಾಸಿಂಗ್ ಎಂಬ ಮುದುಕಿ ಬಾಯಿಗೆ ಕೈಯಿಟ್ಟಳು.

"ಅಯ್ಯೋ, ಶವದ ಪೆಟ್ಟಿಗೆಗೆ ದೀಪ ಹಾಕಿಸ್ಕೊಂಡು ಬಂದ್ಯೇನೋ! ನಾನು ಸತ್ತಾಗ್ಲೂ ಇಂಥದ್ದೇ ತಂದ್ಬಿಡಪ್ಪ."

"ನೀನು ಸಾಯೋ ಹೊತ್ಗೆ ಫ್ಯಾಷನ್ ಬದಲಾಗಿರ್ತದೆ ಬಿಡಜ್ಜಿ," ಅಂದ ಅರ್ನೆಲ್. ಎಲ್ಲರೂ ನಕ್ಕರು. ಅವನು ಕಡೆಯ ಎರಡು ಡಬ್ಬಿಗಳನ್ನು ಹಿಂದೆ ಅಡಗಿಸಿಟ್ಟಿದ್ದ. "ಈಗ ನೋಡು ಅಣ್ಣ. ಕಾರ್ಡು. ನೀನು ರಾತ್ರಿಯೆಲ್ಲ ಫೋನಲ್ಲಿ ಆಸೆಪಟ್ಟು ನೋಡ್ತಿದ್ಯಲ್ಲ, ಅದೇ!"

ಅದೇ ದೊಡ್ಡ ಕಾರ್ಡು. ಸಾಂತೋ ಅದನ್ನು ಮುಟ್ಟಲಿಲ್ಲ. ಇನ್ನೊಂದು ಡಬ್ಬಿಯನ್ನು ಎತ್ತಿಕೊಂಡ.

ಸಮುದ್ರಸೌತೆ ನಿಜಕ್ಕೂ ಒಣಗಿದೆಯೋ, ಒಳಗೆ ನೀರಿದೆಯೋ ಎಂದು ಅಂಗೈಯಲ್ಲಿಟ್ಟುಕೊಂಡೇ ಹೇಳುತ್ತಿದ್ದ ಕೈ ಅದು. ಡಬ್ಬಿಯೊಳಗಿನ ಪವರ್ ಸಪ್ಲೈ ಹಗುರವಾಗಿತ್ತು. ತಾಮ್ರ ಇರಬೇಕಾದ ಕಡೆ ಬರೀ ತಗಡು ಮತ್ತು ಗಾಳಿ.

"ಕಂಪನಿ ಹೆಸರು ಬೇರೆ, ಕೆಲಸ ಅದೇ ಅಂತೆ," ಅಂದ ಅರ್ನೆಲ್, ಬೇಗಬೇಗ. "ಅಂಗಡಿಯವ್ನು ಆಣೆ ಮಾಡಿ ಹೇಳ್ದ. ಅದು ಹೆಂಗಿದ್ರೂ ಒಳಗೆ ಕೂರೋದು, ಯಾರು ನೋಡ್ತಾರೆ? ಅದ್ರಲ್ಲಿ ದುಡ್ಡು ಉಳಿಸಿದ್ದಕ್ಕೇ ಈ ಕಾರ್ಡು ಬಂತು."

ಅವನ ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ಬೆಳಕಿತ್ತು. ಸಾಂತೋ ಡಬ್ಬಿಯನ್ನು ಮತ್ತೊಮ್ಮೆ ತೂಗಿದ. ಇದು ಬೇಡ, ಬದಲಾಯಿಸು ಅಂದರೆ ಮುಂದಿನ ದೋಣಿ ಈಸ್ಟರ್ ಕಳೆದ ಮೇಲೆಯೇ. ಅದೂ ಇರಲಿ. ಈ ಜನರೆದುರು, ಈ ಮುಖಕ್ಕೆ, ಉಸಿರಿನ ವಿಷಯದಲ್ಲಿ ನೀನು ಮತ್ತೆ ತಪ್ಪಿದೆ ಅನ್ನುವುದು ಹೇಗೆ? ಬಾಗಿಲಲ್ಲಿ ನಿಂತಿದ್ದ ಜೊವೆಲಿನ್ ಗಂಡನ ಕೈಯನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ ಕಣೋ," ಅಂದ ಸಾಂತೋ. "ಕಾರ್ಡು ಭಾಳ ಚೆನ್ನಾಗಿದೆ."

ಕಂಪ್ಯೂಟರ್ ಓಡಿತು. ಕೆಲವು ವಾರ ಓಡಿತು. ಸಂಜೆ ಊರ ಜನರೇಟರ್ ಶುರುವಾದರೆ ಸಾಂತೋ ಗೋಡೆಗೊರಗಿ ಕೂತು ಮನಿಲಾದವರಿಗಾಗಿ ಆಡುತ್ತಿದ್ದ. ಬೆರ್ತೋಲ್ದೊ ವಾರಕ್ಕೊಮ್ಮೆ ಬಂದು ದುಡ್ಡು ಕೊಡುತ್ತಿದ್ದ. ಏಜೆಂಟನ ಫೋನು ಬಂದಾಗ ಜೊವೆಲಿನ್ ಎತ್ತಲಿಲ್ಲ. ಒಂದು ದಿನ ಸಾರಿಗೆ ಹಂದಿಮಾಂಸ ಹಾಕಿದಳು. ಸಾಂತೋ ಮಾತ್ರ ಆಡುವಾಗಲೆಲ್ಲ ಒಂದು ಕೈಯನ್ನು ಪೆಟ್ಟಿಗೆಯ ಹಿಂಬದಿಗೆ ಆಗಾಗ ಚಾಚಿ ಬಿಸಿ ನೋಡುತ್ತಿದ್ದ, ಜ್ವರದ ಮಗುವಿನ ಹಣೆ ನೋಡುವ ಹಾಗೆ.

ಈಸ್ಟರಿಗೆ ಮುಂಚಿನ ಪವಿತ್ರ ವಾರ ಬಂತು. ಪ್ರಾರ್ಥನಾಮಂದಿರದಲ್ಲಿ ಹೆಂಗಸರು ಸರದಿಯ ಮೇಲೆ ಕೂತು ಯೇಸುವಿನ ಯಾತನೆಯ ಪದ್ಯಗಳನ್ನು ಹಾಡುತ್ತಿದ್ದರು. ಅವರ ಧ್ವನಿವರ್ಧಕಕ್ಕೆಂದು ಜನರೇಟರನ್ನು ಹಗಲೂ ಓಡಿಸಿದರು. ಹಗಲು ಕರೆಂಟು ಸಿಕ್ಕಿತೆಂದು ಎಲ್ಲ ಮನೆಗಳಲ್ಲೂ ಫ್ಯಾನು ತಿರುಗಿ, ಕರೆಂಟು ಏರಿಳಿಯತೊಡಗಿತು. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಹಚ್ಚಬಾರದೆಂದು ಸಾಂತೋಗೆ ಗೊತ್ತಿತ್ತು. ಆದರೆ ಮನಿಲಾದ ಹುಡುಗರಿಗೆ ರಜೆ, ಕೆಲಸ ರಾಶಿ ಬಿದ್ದಿತ್ತು, ಮತ್ತು ಈಸ್ಟರ್ ಭಾನುವಾರ ಎದುರಿಗೇ ನಿಂತಿತ್ತು.

ಗುರುವಾರ ಮಧ್ಯಾಹ್ನ ಹಾಡು ನಡುವೆಯೇ ತುಂಡಾಯಿತು. ಬಲ್ಬು ಕೆಂಪಗಾಗಿ ಆರಿತು. ಸಾಂತೋ ತಂತಿ ಕೀಳಲು ನೆಲದ ಮೇಲೆ ಮೈಯೆಳೆದುಕೊಂಡು ಹೊರಟ. ಕೈ ಮುಟ್ಟುವ ಮೊದಲೇ ಬಲ್ಬು ಬೆಳ್ಳಗೆ ಉರಿಯಿತು, ಹಾಡು ಕಿರುಚುತ್ತ ವಾಪಸ್ಸು ಬಂತು, ಪೆಟ್ಟಿಗೆಯೊಳಗೆ ಪಟ್ ಎಂದಿತು. ಬಣ್ಣದ ದೀಪಗಳೆಲ್ಲ ಒಟ್ಟಿಗೆ ಸತ್ತವು. ಆಮೇಲೆ ಸುಟ್ಟ ವಾಸನೆ. ಅವನು ಬಾಯಿ ಬಿಗಿದು ಉಸಿರು ಹಿಡಿದ. ಹಲ್ಲುಗಳು ತಾವಾಗಿಯೇ ಕೊಳವೆಯನ್ನು ಕಚ್ಚುವಂತೆ ಕಚ್ಚಿಕೊಂಡಿದ್ದವು.

ಅರ್ನೆಲ್ ಓಡಿಬಂದು ಪೆಟ್ಟಿಗೆ ಬಿಚ್ಚಿದ. ಕಾರ್ಡು, ಬೋರ್ಡು, ಎರಡೂ ಕಪ್ಪಾಗಿದ್ದವು.

"ಕರೆಂಟಿನ ತಪ್ಪು," ಅಂದ ಸಾಂತೋ. "ಯಾವ ಡಬ್ಬಿ ಇದ್ರೂ ಸುಡ್ತಿತ್ತು."

ಅರ್ನೆಲ್ ಸುಟ್ಟ ಪವರ್ ಸಪ್ಲೈಯನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಅಣ್ಣ ತೂಗಿದ ಹಾಗೆಯೇ ತೂಗಿ ನೋಡಿದ.

"ಎತ್ತಿದಾಗ್ಲೇ ಗೊತ್ತಾಗಿತ್ತಾ ನಿಂಗೆ?"

ಸಾಂತೋ ನೆಲದ ಮೇಲಿದ್ದ ತಂತಿಯನ್ನು ಸುತ್ತತೊಡಗಿದ.

"ಬೈಬಾರ್ದಿತ್ತಾ ಅಣ್ಣ? ಆವತ್ತೂ ಬೈಲಿಲ್ಲ, ಈವತ್ತೂ ಬೈಲಿಲ್ಲ. ಒಂದ್ಸಲ ಬೈದಿದ್ರೆ ಆಗ್ತಿತ್ತಲ್ಲೋ." ಅವನು ಎದ್ದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕಡಲಿನ ಕಡೆಗೆ ಹೊರಟುಹೋದ.

ಜೊವೆಲಿನ್ ಅಡುಗೆಯ ಮೂಲೆಗೆ ಹೋದಳು. ಕಟ್ಟೆಯ ಮೇಲಿದ್ದ ಒಲೆಯನ್ನು ಎತ್ತಿ ತಂದು ನೆಲದ ಮೇಲೆ, ಗೋಡೆಯ ಪಕ್ಕ ಇಟ್ಟಳು. ಅಕ್ಕಿಯ ಡಬ್ಬ ಇಳಿಸಿದಳು. ನೀರಿನ ಕೊಡ ಇಳಿಸಿದಳು. ಎತ್ತರದ ಮೊಳೆಗೆ ತೂಗುಹಾಕಿದ್ದ ಸೌಟನ್ನು ತೆಗೆದು, ಕೆಳಗೆ ಇನ್ನೊಂದು ಮೊಳೆ ಹೊಡೆದು ಸಿಕ್ಕಿಸಿದಳು. ಹೊರಗೆ ಹಾಡು ನಡೆದೇ ಇತ್ತು.

"ಇಲ್ಲಿಗೆ ಕೈ ಎಟಕ್ತದಾ ನೋಡು," ಅಂದಳು.

ಸಾಂತೋ ಚಾಪೆಯಿಂದ ವಾಲಿ ಕೈ ಚಾಚಿದ. ಸೌಟು ಬೆರಳಿಗೆ ಸಿಕ್ಕಿತು.

"ಎಟಕ್ತದೆ," ಅಂದ.