ಹಿಂದಿನ ಕೋಣೆಯ ಗೆರೆ

ಕನ್ನಡಕದ ಅಂಗಡಿಯವರ ಮನೆಯಲ್ಲಿ ಹಿಂದಿನ ಕೋಣೆಯ ಬಾಗಿಲನ್ನು ಯಾರೂ ಫಕ್ಕನೆ ತೆರೆಯುವಂತಿರಲಿಲ್ಲ. ಮೊದಲು ಬಡಿಯಬೇಕು. ಆಮೇಲೆ ಒಂದು ಬೆರಳಗಲ, ತುಸು ತಡೆದು ಒಂದು ಅಂಗೈಯಗಲ, ಕೊನೆಗೆ ಮನುಷ್ಯ ನುಸುಳುವಷ್ಟು. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಒಮ್ಮೆಲೇ ಮುಖಾಮುಖಿಯಾಗಬಾರದು.

ಅಲ್ಲಿ ಹಲಗೆ ನೆಲದ ಮೇಲೆ ಒಂದು ಕಪಾಟು, ಕಪಾಟಿನಲ್ಲಿ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಸದಾ ಒಂದೇ ಹದದಲ್ಲಿ ಬೆಚ್ಚಗಿಟ್ಟ ಗಡಿಯಾರದ ಕ್ರಿಸ್ಟಲ್. ಅದು ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುತ್ತಿತ್ತು. ಒಂದು ಕೋಟಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ತಿಳಿಯುವುದೇ ಕನ್ನಡಕದವರ ಹವ್ಯಾಸ. ಹಜಾರದ ಮೆಟ್ಟಿಲ ಕೆಳಗೆ ಅಂಥದೇ ಇನ್ನೊಂದು ಡಬ್ಬಿ ಇತ್ತು. ಒಂದು ಯಂತ್ರ ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ಗೆರೆ ನೆಟ್ಟಗೆ ಹೋದಷ್ಟೂ ಒಳ್ಳೆಯದು. ಅಂಗಡಿ ಮುಚ್ಚಿ ಬಂದ ಮೇಲೆ ಅವರು ಹಜಾರದಲ್ಲಿ ಪರದೆಯ ಮುಂದೆ ಕೂತು, ಏನೂ ಆಗದಿರುವುದನ್ನು ನೋಡುತ್ತಿದ್ದರು.

"ಏನಾಯ್ತು ಇವತ್ತು?" ಎಂದು ಹೆಂಡತಿ ಕೇಳುವಳು.

"ಏನೂ ಇಲ್ಲ."

"ಹಾಗಾದ್ರೆ ಖುಷಿಯಾಗಿದ್ದೀರಿ."

ಹೀಗಿರುವಾಗ ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರಿದ್ದದ್ದು ಮಗನ ಮನೆಯಲ್ಲಿ, ಮಹಡಿಯ ಮೇಲೆ, ಲಿಫ್ಟ್ ಇಲ್ಲ. ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುವ ಮಾತೇ ಇಲ್ಲವಾಗಿ, ಮಗಳ ಮನೆಗೆ ಬಂದರು. ಮಗಳ ಮನೆಯಲ್ಲಿ ಕೆಳಗಿರುವ ಕೋಣೆ ಆ ಹಿಂದಿನದೊಂದೇ. ನಡೆಯುವಂತಾದ ಕೂಡಲೇ ಮಗ ಬಂದು ಕರೆದೊಯ್ಯುವುದು ಎಂದು ಮಾತಾಯಿತು. ಆ ಮಾತನ್ನು ಕನ್ನಡಕದವರು ಎಲ್ಲರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು.

ಅತ್ತೆ ಕೋಣೆ ಸೇರಿದ ಮೊದಲ ವಾರ ಗೆರೆ ಮೆಲ್ಲಗೆ ಮೇಲೇರಿತು. ಅದು ನಿರೀಕ್ಷಿಸಿದ್ದೇ. ಒಬ್ಬ ಮನುಷ್ಯ ಸುಮ್ಮನೆ ಕೂತರೂ ಒಂದು ಬಲ್ಬಿನಷ್ಟು ಬಿಸಿ ಕೊಡುತ್ತಾನೆ. ಆಮೇಲೆ ಗೆರೆ ಅಲ್ಲಿಯೇ ಹದಕ್ಕೆ ಬಂದು, ಹಿಂದೆಂದೂ ಇಲ್ಲದಷ್ಟು ನೆಟ್ಟಗಾಯಿತು. ಅತ್ತೆ ಎಲ್ಲಿಗೂ ಹೋಗುತ್ತಿರಲಿಲ್ಲ, ಕಿಟಕಿ ತೆರೆಯುತ್ತಿರಲಿಲ್ಲ, ಫ್ಯಾನು ಕೇಳುತ್ತಿರಲಿಲ್ಲ. ತಾವು ಕೊಂಡ ಯಾವ ಸಾಮಾನೂ ಇಷ್ಟು ಸ್ಥಿರವಾಗಿರಲಿಲ್ಲವೆಂದು ಕನ್ನಡಕದವರಿಗೆ ಅನ್ನಿಸಿತು. ಹಾಗಂತ ಹೆಂಡತಿಯ ಮುಂದೆ ಹೇಳಲಿಲ್ಲ.

ಎರಡನೆಯ ತಿಂಗಳಲ್ಲಿ ಗೆರೆಗೆ ಹಲ್ಲು ಬಂತು. ಬೆಳಗ್ಗೆ, ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ, ಒಂದಷ್ಟು ಹೊತ್ತು ಗರಗಸದಂತೆ ಸಣ್ಣ ಸಣ್ಣ ಹಲ್ಲು. ಕನ್ನಡಕದವರು ಕರೆಂಟಿನ ಏರಿಳಿತವನ್ನು ಅನುಮಾನಿಸಿ ಹೊಸ ಬ್ಯಾಟರಿ ಹಾಕಿದರು. ಕೇಬಲ್ ಬದಲಿಸಿದರು. ಹಳೆಯ ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದರು. ಪಕ್ಕದ ಮನೆಯವರ ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಸಭ್ಯವಾಗಿ ವಿಚಾರಿಸಿ ಬಂದರು. ಕೋಣೆಯಲ್ಲಿದ್ದ ವಸ್ತುಗಳಲ್ಲಿ ಅವರು ಅನುಮಾನಿಸದೆ ಉಳಿದದ್ದು ಅತ್ತೆ ಮಾತ್ರ. ಅತ್ತೆಗೆ ಕಾಲೂರಲು ಆಗುವುದಿಲ್ಲವೆಂದು ಸ್ವತಃ ಅತ್ತೆಯೇ ಹೇಳಿದ್ದರು.

ಒಂದು ಸಂಜೆ ಅವರು ಆ ಹಲ್ಲುಗಳನ್ನು ದೊಡ್ಡದು ಮಾಡಿ ನೋಡಿದರು. ಹಲ್ಲುಗಳು ಗುಂಪುಗುಂಪಾಗಿದ್ದವು. ಒಂದು ಗುಂಪು, ಒಂದು ತಡೆ. ಮತ್ತೆ ಒಂದು ಗುಂಪು, ಮತ್ತೆ ತಡೆ. ಎರಡು ಗುಂಪಿಗೊಮ್ಮೆ ತಡೆ ಕೊಂಚ ದೀರ್ಘ. ಯಂತ್ರ ಹೀಗೆ ಮಾಡುವುದಿಲ್ಲ. ಯಂತ್ರಕ್ಕೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಅಗತ್ಯವಿಲ್ಲ.

ಕನ್ನಡಕದವರು ಎದ್ದು ಹೋಗಿ ಬಾಗಿಲು ಬಡಿದರು. ಒಂದು ಬೆರಳಗಲ, ಒಂದು ಅಂಗೈಯಗಲ.

"ಬನ್ನಿ ಅಳಿಯಂದಿರೇ," ಎಂದರು ಅತ್ತೆ ಕುರ್ಚಿಯಿಂದ. "ನೀವು ಒಳಗೆ ಬರೋಷ್ಟರಲ್ಲಿ ನನಗೆ ಇನ್ನೊಂದು ವರ್ಷ ವಯಸ್ಸಾಗಿರುತ್ತೆ."

"ಅತ್ತೆ, ನೀವು ನಡೀತಿದ್ದೀರಿ."

"ಯಾರು ಹೇಳಿದ್ದು?"

ಕನ್ನಡಕದವರು ಕಪಾಟಿನ ಕಡೆ ಕೈ ತೋರಿಸಿದರು. "ಹಲಗೆ ಕೂದಲೆಳೆಯಷ್ಟು ಬಾಗುತ್ತೆ. ಕಪಾಟು ವಾಲುತ್ತೆ. ಡಬ್ಬಿಗೆ ಗೊತ್ತಾಗುತ್ತೆ."

ಅತ್ತೆ ಡಬ್ಬಿಯನ್ನು ಚಾಡಿಕೋರ ನೆಂಟನನ್ನು ನೋಡುವಂತೆ ನೋಡಿದರು. "ಒಂದೇ ಕೋಣೇಲಿ ಇದ್ದೀವಿ ಅಂತ ನಾನು ಅದರ ಮೇಲೆ ಧೂಳು ಕೂಡ ಕೂರೋಕೆ ಬಿಟ್ಟಿಲ್ಲ."

"ಪ್ರಾರ್ಥನೆ ಪದ್ಯ ಹೇಳ್ಕೊಂಡು ನಡೀತೀರಿ ಅಲ್ವಾ?"

"ಅದೂ ಕಾಣುತ್ತಾ?"

"ಗೋಡೆಯಿಂದ ಗೋಡೆಗೆ ಒಂದು ಸಾಲು. ತಿರುಗುವಾಗ ನಿಲ್ತೀರಿ."

"ಮತ್ತೆ, ಸಾಲಿನ ಮಧ್ಯೆ ತಿರುಗೋಕಾಗುತ್ತಾ?"

"ನಿನ್ನೆ ಒಂದು ಕಡೆ ಸಾಲಿನ ಮಧ್ಯೆ ನಿಂತಿರಿ."

ಅತ್ತೆಯ ಮುಖ ಮೊದಲ ಸಲ ಸಣ್ಣದಾಯಿತು. "ಮರೆತುಹೋಗಿತ್ತು," ಎಂದರು. ನಡೆದದ್ದು ಸಿಕ್ಕಿಬಿದ್ದುದಕ್ಕಿಂತ ಅದು ಅವರಿಗೆ ಹೆಚ್ಚು ನಾಚಿಕೆ ತಂದ ಹಾಗಿತ್ತು.

ಕನ್ನಡಕದವರು ಮಂಚದ ಅಂಚಿನಲ್ಲಿ ಕೂತರು. "ನಡೆಯೋಕಾಗುತ್ತೆ ಅಂದ ಮೇಲೆ ಮಗನ ಮನೆಗೆ..."

"ಹೋಗಬೇಕು. ಗೊತ್ತು. ಅಲ್ಲಿ ನನ್ನನ್ನ ತುಂಬಾ ಚೆನ್ನಾಗಿ ನೋಡ್ಕೋತಾರೆ. ಅದೇ ಕಷ್ಟ." ಅತ್ತೆ ಸೆರಗು ಸರಿಮಾಡಿಕೊಂಡರು. "ಮಗ ಬಾಗಿಲು ತೆಗೆದು, ಅಮ್ಮ ಏನಾದ್ರೂ ಬೇಕಾ ಅಂತಾನೆ. ಅವನು ಹೋದ ಮೇಲೆ ಸೊಸೆ ಬಂದು, ಅವರು ಕೇಳಿದ್ರಾ ಅಂತಾಳೆ. ಆಮೇಲೆ ಮೊಮ್ಮಗಳನ್ನ ಕಳಿಸ್ತಾರೆ. ಒಂದು ಪದ್ಯ ಶುರು ಮಾಡಿದ್ರೆ ಮುಗಿಸಿದ್ದು ಅಂತಿಲ್ಲ. ದೇವರಿಗೂ ಅರ್ಧರ್ಧ ಕೇಳಿ ಬೇಜಾರಾಗಿರಬೇಕು. ಇಲ್ಲಿ ನಿಮ್ಮ ಡಬ್ಬಿ ಪುಣ್ಯದಿಂದ ಯಾರೂ ಬರಲ್ಲ. ಬಂದ್ರೂ, ನೀವು ಆ ಬಾಗಿಲು ತೆಗೆಯೋ ಚಂದಕ್ಕೆ, ನಾನು ನಡೆಯೋದು ನಿಲ್ಲಿಸಿ, ಕುರ್ಚಿ ಸೇರಿ, ಕಾಲು ಚಾಚಿ, ಒಂದು ನರಳಾಟ ಬೇರೆ ಹಾಕಬಹುದು."

ಮದುವೆಯಾದ ಹೊಸದರಲ್ಲಿ ಈ ಕೋಣೆಯನ್ನು ಆರಿಸಿಕೊಂಡಾಗ ಕನ್ನಡಕದವರ ಮನಸ್ಸಿನಲ್ಲೂ ಗಡಿಯಾರವೊಂದೇ ಇರಲಿಲ್ಲ; ಮುಚ್ಚಿದ ಬಾಗಿಲೂ ಇತ್ತು.

"ಭಾನುವಾರ ಅವನು ಬರ್ತಾನೆ," ಎಂದರು ಅತ್ತೆ. "ನೀವು ಇದ್ದದ್ದನ್ನ ಇದ್ದ ಹಾಗೆ ಹೇಳೋರು. ನಾನು ಬೇಡ ಅನ್ನೋಲ್ಲ. ಬಟ್ಟೆ ಮಡಿಸಿಟ್ಟಿರ್ತೀನಿ."

ಭಾನುವಾರ ಮಗ ಬಂದ. ಔಷಧಿ ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದ ಅವನು ಹಿಂದಿನ ಕೋಣೆಯ ಬಾಗಿಲನ್ನು ಒಂದೇ ಏಟಿಗೆ ತೆರೆದು, "ಅಮ್ಮ, ಏನಾದ್ರೂ ಬೇಕಾ?" ಎಂದ. ಕುರ್ಚಿಯಲ್ಲಿ ಕಾಲು ಚಾಚಿದ್ದ ಅಮ್ಮ ಬೇಡವೆಂದರು. ಹಜಾರದ ಪರದೆಯ ಮೇಲೆ ಗೆರೆಯಲ್ಲಿ ಒಂದು ಗುಂಡಿ ಬಿತ್ತು.

ಗಂಡನೊಂದಿಗೆ ಅವನ ಹಿಂದೆ ಬಂದ ಅಕ್ಕ, ಅಮ್ಮ ಇನ್ನೂ ಒಂದು ತಿಂಗಳು ಇರಲಿ ಎಂದಳು. ಅವನು ಕೇಳಲಿಲ್ಲ. "ನಿನ್ನ ಮಾತು ಬಿಡಕ್ಕ, ನೀನು ಎದೆ ತುಂಬಾ ಪ್ರೀತಿ ಇಟ್ಕೊಂಡು ಹೇಳ್ತೀಯ. ಭಾವ ಹೇಳಲಿ. ಗಂಟೆ ಎಷ್ಟು ಅಂತ ಕೇಳಿದ್ರೆ ಸೆಕೆಂಡು ಸಮೇತ ಹೇಳಿ, ಅದರಲ್ಲೂ ತಪ್ಪಿರಬಹುದು ಅನ್ನೋ ಮನುಷ್ಯ. ಭಾವ, ಅಮ್ಮನ್ನ ಕರ್ಕೊಂಡು ಹೋಗಬಹುದಾ?"

ಅತ್ತೆ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಿದ್ದರು. ಮಂಚದ ಮೇಲೆ ಬಟ್ಟೆಯ ಗಂಟು ತಯಾರಾಗಿತ್ತು.

"ಆಗಲ್ಲ," ಎಂದರು ಕನ್ನಡಕದವರು.

"ಅಂದ್ರೆ ನಡೆಯೋಕಾಗಲ್ಲ?"

"ಕೋಣೆಗೆ ಆಗಲ್ಲ. ಅತ್ತೆ ಒಂದು ಬಲ್ಬಿನಷ್ಟು ಬಿಸಿ ಕೊಡ್ತಾರೆ. ಕ್ರಿಸ್ಟಲ್ ಆ ಬಿಸಿಗೆ ಹೊಂದಿಕೊಂಡಿದೆ. ಈಗ ಅವರನ್ನ ತೆಗೆದ್ರೆ ಗೆರೆ ಇಳಿಯುತ್ತೆ. ಮತ್ತೆ ಹದಕ್ಕೆ ಬರೋಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ."

ಹೆಂಡತಿ ಗಂಡನ ಮುಖವನ್ನು, ಇವರ ಜೊತೆ ಇಷ್ಟು ವರ್ಷ ಹೇಗೆ ಕಳೆದೆ ಎಂಬಂತೆ ನೋಡಿದಳು. ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಾದ್ದರಿಂದ ಕನ್ನಡಕದವರ ಮುಖದಲ್ಲಿ ಏನೂ ಕಾಣಲಿಲ್ಲ.

"ಅಂದ್ರೆ," ಎಂದ ಮಗ ನಿಧಾನವಾಗಿ, "ನಮ್ಮಮ್ಮನ್ನ ಹೀಟರ್ ಮಾಡಿ ಇಟ್ಕೊಂಡಿದ್ದೀರಿ."

"ಹೀಟರ್ ಇಷ್ಟು ಸ್ಥಿರವಾಗಿರಲ್ಲ."

"ಅಮ್ಮ, ಕೇಳಿಸ್ತಾ? ನಿನಗಿದು ಒಪ್ಪಿಗೆನಾ?"

ಅತ್ತೆ ದೀರ್ಘವಾಗಿ ಉಸಿರುಬಿಟ್ಟರು. ಲೋಕದ ಭಾರವನ್ನೆಲ್ಲ ಹೊತ್ತವರ ಧ್ವನಿಯಲ್ಲಿ, "ಏನು ಮಾಡ್ಲಿ ಮಗ," ಎಂದರು. "ಅಳಿಯನ ಮನೆ. ಅವರು ಹೇಳಿದ ಹಾಗೆ ಇರಬೇಕು."

ಮಗ ಒಬ್ಬನೇ ಹೊರಟ. ಈ ಸುದ್ದಿ ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಮುಟ್ಟುತ್ತದೆ, ಇನ್ನು ಯಾವ ಮನೆಗೆ ಹೋದರೂ ಹೆಣ್ಣುಕೊಟ್ಟ ಅತ್ತೆಯನ್ನು ಒಲೆ ಮಾಡಿಕೊಂಡವರೆಂದೇ ತಮ್ಮನ್ನು ಕರೆಯುತ್ತಾರೆ ಎಂದು ಕನ್ನಡಕದವರಿಗೆ ಗೊತ್ತಿತ್ತು. ಆದರೂ ಗೇಟಿನವರೆಗೆ ಹೋಗಿ ಬೀಳ್ಕೊಟ್ಟರು.

ಮಗ ಕಾರು ಹತ್ತಿ, ಸೀಟಿನ ಪಟ್ಟಿ ಬಿಗಿದು, ತಡೆಯಲಾರದೆ ಕೇಳಿದ: "ಭಾವ, ಚಳಿಗಾಲಕ್ಕೆ ಅಮ್ಮ ಒಬ್ಬರೇ ಸಾಕಾ, ಇಲ್ಲಾ ನಮ್ಮತ್ತೆಯನ್ನೂ ತಂದು ಬಿಡ್ಲಾ?"

ಕನ್ನಡಕದವರು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ಒಂದು ಗಳಿಗೆ ಯೋಚಿಸಿದರು.

"ಬೇಡ," ಎಂದರು. "ಇಬ್ಬರಾದ್ರೆ ಮಾತು ಶುರುವಾಗುತ್ತೆ."