ಒಕ್ಕಣ್ಣಿಗೆ ಚುಚ್ಚದ ಸೂಜಿ

ಚಳಿಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಬೆಳಗಿನ ಬಿಸಿಲು ಇನ್ನೂ ಮೀನಿನ ತೊಟ್ಟಿಗಳ ಅಂಚಿಗೆ ಇಳಿದಿರದ ಹೊತ್ತು. ಮೇವು ಹಾಕುವ ದೊಡ್ಡಪ್ಪ ಬರಿಗೈಯಲ್ಲಿ ನಿಂತಿದ್ದ. ಮೀನಿನ ಡಾಕ್ಟರಾಗಿದ್ದ ತಮ್ಮನ ಮಗಳು, ರೋಗ ತಡೆಯುವ ಸೂಜಿ ಹಾಕುವ ಮೊದಲು ಮೀನಿನ ಹೊಟ್ಟೆ ಖಾಲಿ ಇರಲಿ, ಮೇವು ನಿಲ್ಲಿಸಿ ಅಂದಿದ್ದಳು. ಹೂಂ ಅಂದಿದ್ದ. ಆದರೆ ಒಕ್ಕಣ್ಣಿ ಮೀನು ತೊಟ್ಟಿಯ ಅಂಚಿಗೆ ಬಂದು ಬಾಯಿ ತೆರೆದರೆ ಕರುಳು ಕೇಳಬೇಕಲ್ಲ. ಹೋದ ವರ್ಷ ರೋಗ ಬಡಿದು ಅವಳಿದ್ದ ತೊಟ್ಟಿ ಬರಿದಾದಾಗ, ಒಂದು ಕಣ್ಣು ಕಳಕೊಂಡು ಉಳಿದವಳು ಅವಳೊಬ್ಬಳೇ.

"ಈ ಮದ್ದಲ್ಲಿ ವೈರಸ್ ಇರುತ್ತಾ ಮಗಳೇ?"

"ಇಲ್ಲ ದೊಡ್ಡಪ್ಪ. ವೈರಸ್ಸಿನ ಅಂಗಿ ಹೊಲಿಯೋ ಅಳತೆ ಮಾತ್ರ. ಡಿಎನ್‌ಎ ಅಂತೀವಿ. ಅಳತೆ ಸಿಕ್ಕಿದ್ರೆ ಮೀನಿನ ಮಾಂಸವೇ ಆ ಅಂಗಿ ಹೊಲಿಯುತ್ತೆ. ಅದನ್ನ ನೋಡಿ ಮೈ ವೈರಸ್ ಅನ್ನೋ ಕಳ್ಳನ ಗುರುತು ಕಲೀತದೆ."

"ಮೀನಿಗೆ ದರ್ಜಿ ಕೆಲಸ ಹಚ್ಚಿದೋಳು ನೀನೊಬ್ಬಳೇ ಬಿಡು."

ಮಂಪರು ಬರಿಸುವ ಮದ್ದಿನ ನೀರಿಗೆ ಬಿಟ್ಟ ಮೀನುಗಳನ್ನು ಒಂದೊಂದಾಗಿ ಎತ್ತಿ ಬೆನ್ನಿಗೆ ಚುಚ್ಚುತ್ತ ಬಂದಳು. ಒಕ್ಕಣ್ಣಿಯ ಸರದಿ ಬಂದಾಗ ಅವಳ ಬಾಯಿಂದ ಮೇವಿನ ಗುಳಿಗೆಗಳೆಲ್ಲ ಹೊರಗೆ ಬಂದವು. ನೀರು ಕದಡಿತು.

"ಇದು ಯಾರ ಕೈ ಕೆಲಸ?"

"ಒಂದೇ ಹಿಡಿ ಕಣೇ."

ಅವಳು ಬೈಯಲಿಲ್ಲ. ಒಕ್ಕಣ್ಣಿಯನ್ನು ಚುಚ್ಚದೆ ಬೇರೆ ತೊಟ್ಟಿಗೆ ಹಾಕಿದಳು. ಎಚ್ಚರಗೊಂಡು ಈಜತೊಡಗಿದವಳನ್ನೇ ನೋಡುತ್ತ ನಿಂತಳು.

"ಹೋದ ವರ್ಷ ಸೂಜಿಯಿಲ್ಲದೆ ಇದೊಂದೇ ಹೇಗೆ ಉಳೀತು ದೊಡ್ಡಪ್ಪ?"

"ನಂಗೂ ಅದೇ ಯೋಚನೆ."

ಮಾರನೆಯ ದಿನ ಅವಳು ಒಕ್ಕಣ್ಣಿಯ ರಕ್ತ ತೆಗೆದಳು, ಹೊಟ್ಟೆ ಒತ್ತಿ ಮೊಟ್ಟೆಯ ಜೊತೆ ಬರುವ ನೀರನ್ನೂ ಹಿಡಿದುಕೊಂಡಳು. ಪರೀಕ್ಷೆಯ ಉತ್ತರ ಬರುವ ತನಕ ದೊಡ್ಡಪ್ಪ ನಿಂತಲ್ಲಿ ನಿಲ್ಲಲಿಲ್ಲ.

"ಇದರ ರಕ್ತಕ್ಕೆ ಕಳ್ಳ ಚೆನ್ನಾಗೇ ಗೊತ್ತು," ಅಂದಳು.

"ಅಂದ್ರೆ ಮೇಷ್ಟ್ರಿಲ್ಲದೇ ಪಾಸು."

"ಪಾಸೇನೋ ಹೌದು. ಆದ್ರೆ ಮದ್ದು ಕಲಿಸಿ ಹೊರಟು ಹೋಗುತ್ತೆ. ರೋಗ ಕಲಿಸಿ ಒಳಗೇ ಕೂತಿದೆ. ಮೊಟ್ಟೆಯ ನೀರಲ್ಲಿ ಸಿಕ್ತು. ಇದಕ್ಕೇನೂ ಆಗಲ್ಲ, ಉಳಿದವಕ್ಕೆ ಅಂಟಿಸುತ್ತೆ."

"ಸೂಜಿ ಹಾಕಿದೀಯಲ್ಲ ಅವಕ್ಕೆ?"

"ಎಲ್ಲಕ್ಕೂ ಒಂದೇ ಸಮ ನಾಟಲ್ಲ. ಮರಿಗಳಿಗಂತೂ ಇನ್ನೂ ಹಾಕೇ ಇಲ್ಲ."

ದೊಡ್ಡಪ್ಪ ಗುಳಿಗೆಯೊಂದನ್ನು ಬೆರಳಲ್ಲಿ ಹೊರಳಿಸುತ್ತ ಕೂತ. "ಕೊಲ್ಲಬೇಕಾ?"

"ನನ್ನ ಲ್ಯಾಬಲ್ಲಿ ಒಂಟಿ ತೊಟ್ಟಿ ಇದೆ, ಅದರ ನೀರು ಎಲ್ಲಿಗೂ ಸೇರಲ್ಲ. ಕಳ್ಳ ಮೈಯಲ್ಲಿ ಎಲ್ಲಿ ಅಡಗಿದಾನೆ ಅಂತ ನಂಗೂ ನೋಡ್ಬೇಕು. ಆದ್ರೆ ಇಲ್ಲಿಗೆ ವಾಪಸ್ ಬರಂಗಿಲ್ಲ."

"ಗೊತ್ತಾದ್ರೆ ನಂಗೂ ಹೇಳು. ಮತ್ತೆ, ಅಲ್ಲಿ ಮೇವು ಯಾರು ಹಾಕ್ತಾರೆ?"

"ನೀವೇ ಬಂದು ಹಾಕಿ. ನಾನು ಹಾಕು ಅಂದಾಗ ಮಾತ್ರ."

ಬಲೆ ಬೇಕಾಗಲಿಲ್ಲ. ದೊಡ್ಡಪ್ಪ ಕೈ ಇಳಿಬಿಟ್ಟ, ಒಕ್ಕಣ್ಣಿ ತಾನಾಗಿ ಬಂದಳು. ಮುಚ್ಚಳದ ಬಾನಿಯಲ್ಲಿ ಅವಳು ಲ್ಯಾಬಿಗೆ ಹೊರಟು ಹೋದದ್ದು ಬುಧವಾರ.